ಹಲಗೆ ಹೊರಬರುವ ಕಡೆ

ಮಾರ್ಚ್ ೩, ಸೋಮವಾರ

ಅತ್ತೆ ಇವತ್ತು ಮತ್ತೆ ಹಲಗೆ ಉಜ್ಜುವ ಹೊಸ ಪ್ಲೇನರ್ ಮೆಷಿನ್ನಿನ ಮಾತು ತೆಗೆದರು. ಮಾವ ಟೀ ಲೋಟವನ್ನು ಹಳೆ ಪ್ಲೇನರಿನ ನೆತ್ತಿಯ ಮೇಲಿಟ್ಟುಕೊಂಡು, ಕೇಳಿಸದವರ ಹಾಗೆ ಕೂತಿದ್ದರು. ಈಚೆಗೆ ಅವರಿಗೆ ನಿಜವಾಗಿ ಕೇಳಿಸುವುದಿಲ್ಲವೋ, ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲವೋ, ಹೇಳುವುದು ಕಷ್ಟ.

"ಕಿವಿ ಡಾಕ್ಟ್ರು ಏನಂದ್ರು, ಹೇಳ್ರೀ ಇವಳಿಗೆ," ಅಂದರು ಅತ್ತೆ.

"ಎಡಗಡೇದು ಸ್ವಲ್ಪ ಮಂದ ಅಂದ್ರು. ಬಲಗಡೇದು ಇದ್ಯಲ್ಲ."

"ಬಲಗಡೇದಾದ್ರೂ ಉಳೀಬೇಕಂದ್ರೆ ಈ ರಾಕ್ಷಸನ ಪಕ್ಕ ನಿಲ್ಬೇಡಿ ಅಂದ್ರು. ಅದನ್ನ ಯಾಕೆ ನುಂಗ್ತೀರಿ?"

"ಚೆನ್ನಾಗಿ ಓಡ್ತಾ ಇರೋ ಮೆಷಿನ್ನು ಕಣೇ. ಓಡ್ತಾ ಇರೋದನ್ನ ಯಾರಾದ್ರೂ ಎಸೀತಾರಾ?"

ಓಡುತ್ತಿರುವುದು ನಿಜ. ಸಾಮಿಲ್ಲಿನಿಂದ ಬಂದ ಒರಟು ಹಲಗೆಯನ್ನು ಮಾವ ಈಚೆಯಿಂದ ಒಳಕ್ಕೆ ಕೊಡುತ್ತಾರೆ. ಅದು ಒಂದೇ ದಪ್ಪಕ್ಕೆ ನುಣ್ಣಗಾಗಿ ಆಚೆಯಿಂದ ಹೊರಬರುತ್ತದೆ. ಆಚೆ ನಿಂತು ನಾನು ಹಿಡಿಯುತ್ತೇನೆ. ಒಂಬತ್ತು ವರ್ಷದಿಂದ ನನ್ನ ಜಾಗ ಅದೇ. ಬೆನ್ನಿಗೆ ಗೋಡೆ, ಬಲಕ್ಕೆ ಸಣ್ಣ ಕಿಟಕಿ, ಎಡಕ್ಕೆ ನನ್ನ ಎದೆಯೆತ್ತರ ಹಲಗೆಗಳ ರಾಶಿ. ಗಿರಾಕಿಗಳು ಅಲ್ಲಿಗೆ ಬರುವುದಿಲ್ಲ. ಬಂದರೂ ಮಾತಾಡಲಾಗುವುದಿಲ್ಲ. ಮೆಷಿನ್ನು ಓಡುವಾಗ ಎದುರಿಗೆ ನಿಂತು ಕೂಗಿದರೂ ಬಾಯಿ ಆಡುವುದು ಕಾಣುತ್ತದೆ, ಅಷ್ಟೆ. ನಾವು ಮಾತಾಡುವುದೆಲ್ಲ ಕೈಸನ್ನೆಯಲ್ಲಿ. ಒಂದು ಬೆರಳೆಂದರೆ ಇನ್ನೊಂದು ಸಲ. ಅಂಗೈಯೆಂದರೆ ಸಾಕು. ಹಣೆ ಮುಟ್ಟಿಕೊಂಡರೆ ಮರದಲ್ಲಿ ಗಂಟು ಬರುತ್ತಿದೆ, ಹುಷಾರು. ಊಟಕ್ಕೆ ಕೂತಾಗಲೂ ಮಾವ ಅತ್ತೆಗೆ ಒಂದು ಬೆರಳು ತೋರಿಸುತ್ತಾರೆ. ಅತ್ತೆ ಆಗ ಬಡಿಸುವುದೇ ಇಲ್ಲ, ಬಾಯಿಬಿಟ್ಟು ಕೇಳುವ ತನಕ.

ಕೊನೆಗೆ ಮಾವ ನನ್ನ ಕಡೆ ತಿರುಗಿದರು. "ಇನ್ಮುಂದೆ ಓಡಿಸೋಳು ನೀನು. ಹೊಸದು ಬೇಕೋ ಬೇಡ್ವೋ, ನೀನೇ ಹೇಳು."

ನಾನು ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದೆ.

ಮಾರ್ಚ್ ೫, ಬುಧವಾರ

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಹಳೆಯದರ ಬ್ಲೇಡನ್ನು ಮಾವನೇ ಸಾಣೆ ಹಿಡಿಯುತ್ತಾರೆ. ಬೆಲ್ಟು ಹರಿದರೆ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಅದರ ಒಳಗಿರುವ ಒಂದೊಂದು ಬೋಲ್ಟೂ ನಮಗೆ ಗೊತ್ತು. ಯಾವುದನ್ನು ಬಿಗಿ ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದೂ ಗೊತ್ತು.

ದೋಷ ಒಂದೇ. ಹಲಗೆಯ ಕೊನೆಯನ್ನು ಕಚ್ಚುತ್ತದೆ. ಹಲಗೆ ಪೂರ್ತಿ ಹೊರಬರುವ ಹೊತ್ತಿಗೆ ಬಾಲ ಮೇಲೆದ್ದು ಬ್ಲೇಡಿಗೆ ತಾಗಿ, ಕೊನೆಯ ನಾಲ್ಕು ಬೆರಳಗಲ ತೆಳ್ಳಗಾಗುತ್ತದೆ. ಅದಕ್ಕೇ ನಾನು ಆಚೆ ನಿಂತು ಹಲಗೆಯ ತಲೆಯನ್ನು ಹೆಬ್ಬೆರಳು ದಪ್ಪ ಎತ್ತಿ ಹಿಡಿಯುವುದು. ತಲೆ ಎತ್ತಿದರೆ ಬಾಲ ಕೂರುತ್ತದೆ. ಎಷ್ಟು ಎತ್ತಬೇಕು, ಯಾವಾಗ ಬಿಡಬೇಕು ಅನ್ನುವುದು ನನ್ನ ಕೈಗೆ ಗೊತ್ತು, ನನಗೆ ಗೊತ್ತಿಲ್ಲ. ಎತ್ತಿದರೂ ಕೂದಲೆಳೆಯಷ್ಟು ಕಚ್ಚೇ ಕಚ್ಚುತ್ತದೆ. ಆದ್ದರಿಂದ ಎಲ್ಲ ಹಲಗೆಯನ್ನೂ ನಾಲ್ಕು ಬೆರಳು ಉದ್ದ ಇಟ್ಟುಕೊಂಡು ಆಮೇಲೆ ತುದಿ ಕತ್ತರಿಸುತ್ತೇವೆ. ಅದೇನು ದೊಡ್ಡ ವಿಷಯವಲ್ಲ.

ಸಂಜೆ ಅತ್ತೆ ಸ್ಟೂಲುಗಳಿಗೆ ಪಾಲಿಶ್ ಹಚ್ಚುತ್ತಾ ಹೇಳಿದರು, "ಹೊಸದಕ್ಕೆ ಆ ಕಡೆ ಆಳೇ ಬೇಕಿಲ್ವಂತೆ. ತಾನೇ ಕೊಟ್ಟು ತಾನೇ ಹಿಡ್ಕೊಬಹುದಂತೆ. ಆಗ ನೀನು ಮುಂದಿನ ಕೋಣೇಲಿ ಗಿರಾಕಿಗಳನ್ನ ನೋಡ್ಕೊ. ನಂಗೆ ಈ ಪಾಲಿಶೇ ಬೆಟ್ಟದಷ್ಟಿದೆ."

"ನಂಗೆ ಬರಲ್ಲ ಅತ್ತೆ."

"ಏನು ಬರಲ್ಲ? ಬಾಯಿ ಇದೆ ತಾನೇ?"

"ಇದೆ."

"ನೋಡು, ಬಂತು."

ನಾನು ಓದಿದ್ದು ಐದನೇ ಕ್ಲಾಸು. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದೆನೇ ಹೊರತು ದನಿ ಎತ್ತುತ್ತಿರಲಿಲ್ಲ. ಟೀಚರಮ್ಮ ನನ್ನ ಹೆಸರು ಬಂದಾಗ ಪುಸ್ತಕದಿಂದ ತಲೆ ಎತ್ತಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು. ಗಿರಾಕಿಗಳು ಹಾಗೆ ರೂಢಿ ಮಾಡಿಕೊಳ್ಳುತ್ತಾರೆಯೇ?

ಇದನ್ನು ಯಾರೂ ಓದುವುದಿಲ್ಲ, ಅದಕ್ಕೇ ಬರೆಯುತ್ತೇನೆ. ನನಗೆ ಹೊಸದು ಬೇಡ. ಮಾವನ ಕಿವಿಗೆ ಇನ್ನೂ ದಪ್ಪ ಹತ್ತಿ ಇಟ್ಟರಾಯಿತು.

ಮಾರ್ಚ್ ೮, ಶನಿವಾರ

ಕೊಳ್ಳುವ ಮುಂಚೆ ಒಂದು ಸಲ ಓಡಿಸಿ ನೋಡಿ ಎಂದು ಅತ್ತೆ ನಮ್ಮನ್ನು ಕಿಟಕಿ ಅಕ್ಕನ ಅಂಗಡಿಗೆ ಕಳಿಸಿದರು. ಎರಡು ಬೀದಿ ಆಚೆ. ಅಕ್ಕ ಕಿಟಕಿ ಬಿಟ್ಟು ಬೇರೇನೂ ಮಾಡುವುದಿಲ್ಲ. ಬಾಗಿಲು ಮಾಡಿಕೊಡಿ ಅಂದವರನ್ನೂ ಕಿಟಕಿ ಸಾಕು ಅಂತ ಒಪ್ಪಿಸುತ್ತಾರೆ ಎಂದು ಮಾವ ತಮಾಷೆ ಮಾಡುತ್ತಾರೆ. ಅವರು ಹೋದ ವರ್ಷ ಕೊಂಡ ಪ್ಲೇನರೇ ನಾವು ಕೊಳ್ಳಬೇಕೆಂದಿರುವುದು.

ಟೈಲರಮ್ಮನ ಬಟ್ಟೆ ಕತ್ತರಿಸುವ ಮೇಜಿಗೆಂದು ಇಟ್ಟಿದ್ದ ಉದ್ದನೆಯ ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದೆವು. ಮುಂದೆ ಮಾವ, ಹಿಂದೆ ನಾನು. ತಿರುವಿನಲ್ಲಿ ಮಾವ ಬೇಗ ತಿರುಗಿಬಿಟ್ಟರು, ನನ್ನ ತುದಿ ಇಸ್ತ್ರಿ ಅಂಗಡಿಯೊಳಗೆ ಹೋಯಿತು. "ಅಳತೆ ತಗೋತೀರಾ, ಇಸ್ತ್ರಿ ಮಾಡಿಸ್ಕೋತೀರಾ?" ಅಂದ ಇಸ್ತ್ರಿಯವನು. ನಾನು ನಕ್ಕು, ಹಲಗೆಯನ್ನು ಹಿಂದಕ್ಕೆ ಎಳೆದುಕೊಂಡೆ.

ಅಕ್ಕನ ಪ್ಲೇನರ್ ಓಡುತ್ತಿದ್ದರೂ ಓಡುವ ಹಾಗೆ ಅನ್ನಿಸುವುದಿಲ್ಲ. ದೊಡ್ಡ ಫ್ಯಾನಿನಷ್ಟು ಸದ್ದು. ಅಕ್ಕ ಮಾಮೂಲಿ ದನಿಯಲ್ಲಿ, "ಆ ಕಡೆ ಯಾರೂ ಬೇಕಿಲ್ಲ ಅಣ್ಣ, ಕೊಟ್ಟುಬಿಡಿ ಅಷ್ಟೇ," ಅಂದದ್ದು ನನಗೂ ಚೆನ್ನಾಗಿ ಕೇಳಿಸಿತು. ಅಷ್ಟರಲ್ಲಿ ಗಾಜಿನವನು ಬಂದು ಕರೆದ, ಅಕ್ಕ ಬಾಗಿಲಿಗೆ ಹೋದರು. ಮಾವ ಹಲಗೆ ಕೊಟ್ಟರು. ನಾನು ಆಚೆ ನಿಂತು ಹಿಡಿದೆ.

ಮಾವ ನೆರಿಗೆ ಬಿದ್ದ ಅಂಗೈಯನ್ನು ಹಲಗೆಯ ಮೇಲೆ ಉದ್ದಕ್ಕೂ ಓಡಿಸಿದರು. ಕೊನೆಯ ಹತ್ತಿರ ಕೈ ನಿಂತಿತು. ಮುಖ ಅರಳಿತು.

"ಇದೂ ಕಚ್ತದೆ."

ಅಕ್ಕ ಓಡಿ ಬಂದು ಮುಟ್ಟಿ ನೋಡಿದರು. "ಇಷ್ಟು ದಿನ ಯಾವತ್ತೂ ಕಚ್ಚಿಲ್ಲ ಅಣ್ಣ. ನನ್ನ ಕಿಟಕಿ ಒಂದಾದ್ರೂ ಹೀಗೆ ಬಂದಿದ್ಯಾ?"

"ಕಿಟಕಿ ಕಡ್ಡಿ ಸಣ್ಣದು ತಾಯಿ, ಗೊತ್ತಾಗಲ್ಲ. ನಿಂಗೆ ಮೋಸ ಮಾಡಿದಾರೆ."

ವಾಪಸು ಬರುವಾಗ ಹಲಗೆ ಹಗುರವಾಗಿತ್ತು. ಮಾವ ಶಿಳ್ಳೆ ಹಾಕುತ್ತಿದ್ದರು. ನನಗೂ ಖುಷಿಯಾಗಿತ್ತು.

ಮಾರ್ಚ್ ೧೦, ಸೋಮವಾರ

ಮಾವ ಸಾಮಿಲ್ಲಿನವನಿಗೆ ಹೇಳಿದರು, ಬೆಲ್ಟಿನ ಅಂಗಡಿಯವನಿಗೆ ಹೇಳಿದರು, ಪಕ್ಕದ ವೆಲ್ಡಿಂಗಿನವನಿಗೆ ಎರಡು ಸಲ ಹೇಳಿದರು. ಹೊಸದೂ ಕಚ್ಚುತ್ತದೆ. ಹಳೆಯ ಪ್ಲೇನರಿಗೆ ಇವತ್ತು ಅವರೇ ಎಣ್ಣೆ ಹಾಕಿ ಒರೆಸಿದರು. ಅತ್ತೆ ಮಾವನ ಎಡಗಡೆ ನಿಂತು ಊಟಕ್ಕೆ ಕರೆದರು, ಮಾವ ತಿರುಗಲಿಲ್ಲ. ಸುತ್ತಿ ಬಲಗಡೆಗೆ ಬಂದು ಮತ್ತೆ ಕರೆದರು.

ಕೆಲಸ ಚೆನ್ನಾಗಿ ನಡೆಯಿತು.

ಮಾರ್ಚ್ ೧೧, ಮಂಗಳವಾರ

ಟೈಲರಮ್ಮನ ಹಲಗೆಯ ತುದಿ ಕತ್ತರಿಸಲು ಗೆರೆ ಎಳೆಯುತ್ತಿದ್ದೆ. ಯಾವಾಗಲೂ ನಾಲ್ಕು ಬೆರಳಿಟ್ಟು ಎಳೆಯುವುದು. ಇವತ್ತು ನಾಲ್ಕು ಬೆರಳು ಸಾಲಲಿಲ್ಲ. ಕಚ್ಚು ಒಂದು ಗೇಣು ದೂರದಿಂದಲೇ ಶುರುವಾಗಿದೆ. ನೇರಪಟ್ಟಿ ಇಟ್ಟು ನೋಡಿದೆ. ನಮ್ಮದು ಕಚ್ಚಿದರೆ ಅಗಲಕ್ಕೂ ಒಂದೇ ಸಮ ಇರುತ್ತದೆ. ಇದು ಒಂದು ಪಕ್ಕಕ್ಕೆ ಜಾಸ್ತಿ, ಇನ್ನೊಂದು ಪಕ್ಕಕ್ಕೆ ಕಡಿಮೆ. ಜಾಸ್ತಿ ಇರುವುದು ಯಾವ ಪಕ್ಕ ಎಂದು ತಿರುಗಿಸಿ ನೋಡಿದೆ. ಹಿಡಿಯುವವರ ಬಲಗೈ ಇರುವ ಪಕ್ಕ.

ನನ್ನ ಬಲಗೈ ಎಡಗೈಗಿಂತ ಜೋರು.

ಅಲ್ಲಿ ಯಾರೂ ಎತ್ತಬೇಕಿರಲಿಲ್ಲ. ಅಕ್ಕ ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ. ಆದರೂ ಕಾಲು ತಾನಾಗಿ ಆಚೆ ಹೋಗಿ ನಿಂತಿತು, ಕೈ ತಾನಾಗಿ ಎತ್ತಿತು. ನಮ್ಮದರ ರೋಲರು ಕಬ್ಬಿಣದ ಹಾಗೆ ಒತ್ತಿ ಹಿಡಿಯುತ್ತದೆ, ತಲೆ ಎತ್ತಿದರೂ ಹಲಗೆ ಬ್ಲೇಡಿನ ಕಡೆ ಏಳುವುದಿಲ್ಲ. ಅಕ್ಕನದು ಸ್ಪ್ರಿಂಗಿನ ಮೇಲೆ ಮೆತ್ತಗೆ ಕೂತಿರುತ್ತದೆ. ಹೆಬ್ಬೆರಳು ದಪ್ಪ ಎತ್ತಿದರೆ ಹಲಗೆಯೇ ಎದ್ದು ಬ್ಲೇಡಿಗೆ ಹೋಗುತ್ತದೆ. ಮೆಷಿನ್ನು ಕಚ್ಚಿಲ್ಲ. ನಾನು ಕಚ್ಚಿಸಿದ್ದೇನೆ.

ಮಾವ ಬೆಲ್ಟು ತರಲು ಹೋಗಿದ್ದರು. ನಾನು ಕೈಯ ಉಜ್ಜುಗೊರಡು ತೆಗೆದುಕೊಂಡು ಇಡೀ ಹಲಗೆಯನ್ನು ಆ ಕಚ್ಚಿನ ಮಟ್ಟಕ್ಕೇ ಇಳಿಸಿಬಿಟ್ಟೆ. ತೋಳು ನೋಯುತ್ತಿದೆ. ಒಳ್ಳೆಯ ಹಲಗೆ, ಒಂದು ಗೇಣು ಕತ್ತರಿಸಿ ಹಾಳು ಮಾಡಬಾರದು ಎಂದು ಹಾಗೆ ಮಾಡಿದೆ.

ಮಾರ್ಚ್ ೧೨, ಬುಧವಾರ

ಆರು ಸ್ಟೂಲಿನ ಕಾಲು. ಬಿಸಿಲು.

ಮಾರ್ಚ್ ೧೩, ಗುರುವಾರ

ಒಳ್ಳೆಯ ಹಲಗೆ ಎಂದು ಹಾಗೆ ಮಾಡಿದ್ದಲ್ಲ.

ಮಾರ್ಚ್ ೧೪, ಶುಕ್ರವಾರ

ಅತ್ತೆ ಅಕ್ಕನ ಮನೆಗೆ ಹೋಗಿದ್ದರು, ಅಂದರೆ ಅವರ ಸ್ವಂತ ಅಕ್ಕನ ಮನೆಗೆ. ಹಾಗಾಗಿ ಮುಂದಿನ ಕೋಣೆಗೆ ಮಾವ ಹೋಗಬೇಕಾಯಿತು. ನಾನು ಹಲಗೆ ರಾಶಿಯ ಹಿಂದಿನಿಂದ ನೋಡುತ್ತಿದ್ದೆ.

ಟೈಲರಮ್ಮ ಬಂದರು. ಅವರದು ದೊಡ್ಡ ದನಿ, ಆದರೆ ಮಾತು ಗಾಳಿಪಟದ ಹಾಗೆ, ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಸೊಸೆಯೂ ಈಗ ಕಟಿಂಗ್ ಮಾಡುತ್ತಾಳೆ, ಅವಳು ಕುಳ್ಳಗಿದ್ದಾಳೆ, ನನ್ನ ಎತ್ತರಕ್ಕೆ ಮಾಡಿದರೆ ಅವಳು ಮಣೆ ಹಾಕಿಕೊಂಡು ನಿಲ್ಲಬೇಕು, ಮೇಜನ್ನು ಮೂರು ಬೆರಳು ತಗ್ಗಿಸಿ ಅಂದರು. ಮಾವ ತಲೆಯಾಡಿಸಿದರು. ಮೂಲೆ ಚೂಪಾಗಿರುವುದು ಬೇಡ, ಬಟ್ಟೆ ಸಿಕ್ಕಿ ಹರಿಯುತ್ತದೆ ಅಂದರು. ಅದಕ್ಕೂ ತಲೆಯಾಡಿಸಿದರು. "ಯಾವತ್ತು ಕೊಡ್ತೀರಿ?" ಅಂದರು. ಅದಕ್ಕೂ ತಲೆಯಾಡಿಸಿ, ನಕ್ಕರು. ಟೈಲರಮ್ಮ ಮಾವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಇನ್ನೇನೂ ಕೇಳದೆ ಹೋದರು.

ಮಾವ ಒಳಗೆ ಬಂದರು. "ನೀನು ಇಲ್ಲೇ ಇದ್ಯಲ್ಲ. ಏನಂದ್ಲು ಆಯಮ್ಮ?"

ಹೇಳಿದೆ.

"ಹೂಂ. ನಾನು ಈಗ ಎಲ್ಲದಕ್ಕೂ ಹೂಂ ಅಂದ್ಬಿಡ್ತೀನಿ," ಅಂದರು. "ಏನು ಅಂತ ಕೇಳಿದ್ರೆ ಮತ್ತೆ ಹೇಳ್ತಾರೆ. ಮತ್ತೆ ಕೇಳ್ಸಲ್ಲ. ಮೂರನೇ ಸಲ ಕೇಳೋಕೆ ನಾಚ್ಕೆ."

ಬಲಗಿವಿಗೂ ಹೀಗೆಯೇ ಎಂದು ಅವರು ಹೇಳಲಿಲ್ಲ. ಆದರೆ ಟೈಲರಮ್ಮ ನಿಂತಿದ್ದದ್ದು ಬಲಗಡೆಯೇ.

ಆಮೇಲೆ ವೆಲ್ಡಿಂಗಿನವನು ಬಂದು ಇನ್ನೊಂದು ಸುದ್ದಿ ಹೇಳಿದ. ಕಿಟಕಿ ಅಕ್ಕ ಮೆಕ್ಯಾನಿಕ್ ಕರೆಸಿ, ಎರಡು ದಿನದಿಂದ ಪ್ಲೇನರ್ ಬಿಚ್ಚಿಸಿ ಕೂತಿದ್ದಾರಂತೆ. ಏನು ಕೆಟ್ಟಿದೆ ಎಂದು ಅವನಿಗೆ ಸಿಗುತ್ತಲೇ ಇಲ್ಲವಂತೆ.

ಸಿಗುವುದು ಹೇಗೆ? ಅದು ಇಲ್ಲಿದೆ.

ಮಾರ್ಚ್ ೧೫, ಶನಿವಾರ

ಅಕ್ಕ ಶಟರ್ ಎತ್ತುವ ಮುಂಚೆಯೇ ಹೋಗಿ ನಿಂತಿದ್ದೆ. ಕೈಯಲ್ಲಿ ಒಂದು ಹಲಗೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಅವರು ಬಂದು ಬೀಗ ತೆಗೆಯುತ್ತಾ, "ಏನಮ್ಮ, ಮಾವ ಕಳ್ಸಿದ್ರಾ?" ಅಂದಾಗ ಜೋಡಿಸಿದ್ದೆಲ್ಲ ಉದುರಿಹೋಯಿತು.

"ಇಲ್ಲ. ನಾನೇ ಬಂದೆ. ಇದನ್ನ ಒಂದ್ಸಲ ಓಡಿಸ್ಬೇಕು."

"ನಿನ್ನೆ ಸಂಜೆ ತಾನೇ ಮತ್ತೆ ಜೋಡಿಸಿ ಹೋದ. ಏನೂ ಸಿಗ್ಲಿಲ್ಲ ಅವನಿಗೆ. ಮತ್ತೆ ಕಚ್ಚಿದ್ರೆ ನಾನು ಈ ಮೆಷಿನ್ನನ್ನ ಕಿಟಕಿಯಿಂದ ಎಸೀತೀನಿ."

"ಕಚ್ಚಲ್ಲ ಅಕ್ಕ."

ನಾನೇ ಹಲಗೆ ಕೊಟ್ಟೆ. ಆಚೆ ಹೋಗಿ ನಿಂತೆ. ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಹಲಗೆ ನನ್ನ ಕಡೆಗೆ ಬರುತ್ತಾ ಬಂದ ಹಾಗೆ ಕೈ ಬಿಡಿಸಿಕೊಳ್ಳಲು ಒದ್ದಾಡಿದ್ದು ನಿಜ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಹಲಗೆ ತಾನಾಗಿ ಬಂದು ಮೇಜಿನ ಮೇಲೆ ಮಲಗಿತು.

ಅಕ್ಕ ಅಂಗೈ ಓಡಿಸಿದರು. ತುದಿಯವರೆಗೂ ಕೈ ನಿಲ್ಲಲಿಲ್ಲ.

"ಅವತ್ತು ನಾನು ಎತ್ತಿದೆ," ಅಂದೆ. "ನಮ್ಮದಕ್ಕೆ ಎತ್ಬೇಕು. ನೀವು ಬೇಡ ಅಂದಿದ್ರಿ. ಕೈ ಕೇಳ್ಲಿಲ್ಲ. ಮಂಗಳವಾರಾನೇ ಗೊತ್ತಾಯ್ತು, ಹೇಳ್ಲಿಲ್ಲ. ತಪ್ಪಾಯ್ತು ಅಕ್ಕ."

ಅಷ್ಟು ಮಾತನ್ನು ನಾನು ಹೊರಗಿನವರ ಹತ್ತಿರ ಒಂದೇ ಸಲಕ್ಕೆ ಯಾವಾಗ ಆಡಿದ್ದೆನೋ ನೆನಪಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಎರಡು ದಿನ ಈ ಬಡಪಾಯಿಯ ಹೊಟ್ಟೆ ಬಗೆದಿದೀವಿ ಕಣೇ ನಾವು. ಎಂಟು ಕಿಟಕಿ ನಿಂತುಹೋಯ್ತು."

"ನಾನು ಬಂದು ಕಡ್ಡಿ ಉಜ್ಜಿ ಕೊಡ್ತೀನಿ. ಎಷ್ಟು ದಿನ ಆದ್ರೂ."

"ಎಂಟಕ್ಕೂ?"

"ಎಂಟಕ್ಕೂ."

"ಉಜ್ಜು. ಬಿಡಲ್ಲ ನಾನು," ಅಂದರು. ಆಮೇಲೆ ನಗು ತಡೆಯಲಾರದೆ, "ನಿಮ್ಮಾವ ಇಡೀ ಬೀದಿಗೆ ಸಾರಿಕೊಂಡು ಬಂದ್ರಲ್ಲ, ಈಗ ಮೊದಲನೇ ಮನೆಯಿಂದ ಮತ್ತೆ ಶುರು ಮಾಡ್ಬೇಕು ಪಾಪ," ಅಂದರು.

ನಮ್ಮ ಅಂಗಡಿಗೆ ಬಂದಾಗ ಮಾವ ಇನ್ನೂ ಸ್ವಿಚ್ ಹಾಕಿರಲಿಲ್ಲ. ಹಾಕುವ ಮುಂಚೆಯೇ ಹೇಳಬೇಕಿತ್ತು. ಬಲಗಡೆ ಹೋಗಿ ನಿಂತೆ.

"ಮಾವ, ಅಕ್ಕನ ಮೆಷಿನ್ನು ಕಚ್ಚಲ್ಲ. ಕಚ್ಚಿಸಿದ್ದು ನಾನು."

"ಆಂ?"

ಇನ್ನೂ ಜೋರಾಗಿ ಹೇಳಿದೆ. ಮುಂದಿನ ಕೋಣೆಯಿಂದ ಅತ್ತೆ ಪಾಲಿಶ್ ಬಟ್ಟೆ ಹಿಡಿದುಕೊಂಡೇ ಬಂದರು. ತಂದಿದ್ದ ಹಲಗೆಯನ್ನು ಮಾವನ ಕೈಗೆ ಕೊಟ್ಟೆ. ಅವರು ಮೂರು ಸಲ ಅಂಗೈ ಓಡಿಸಿದರು. ತಿರುಗಿಸಿ, ಇನ್ನೊಂದು ತುದಿಯಿಂದ ಮತ್ತೆ ಓಡಿಸಿದರು.

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಶನಿವಾರ."

"ಹೂಂ."

"ಯಾಕೆ ಹೇಳ್ಲಿಲ್ಲ?"

"ಹೊಸದು ಬಂದ್ರೆ ನಾನು ಮುಂದಿನ ಕೋಣೇಲಿ ಕೂರ್ಬೇಕಾಗುತ್ತೆ. ಬಂದೋರ ಹತ್ರ ಮಾತಾಡ್ಬೇಕಾಗುತ್ತೆ."

ಇದನ್ನೂ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಕೂಗಿಯೇ ಹೇಳಿದೆ. ಕೂಗಿ ಹೇಳುವ ಮಾತಲ್ಲ ಅದು.

ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಮಾವ ಹಲಗೆಯನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತರು. "ಈ ಅಂಗಡಿ ಶುರು ಮಾಡ್ದಾಗ ಮುಂದೆ ಕೂತೋನು ನಾನೇ," ಅಂದರು. "ಯಾರಾದ್ರೂ ಮೆಟ್ಲು ಹತ್ತಿದ್ರೆ ಎದೆ ಡವಡವ ಅನ್ನೋದು. ನಿಮ್ಮತ್ತೆ ಬಂದ್ಮೇಲೆ ಒಳಗೆ ಬಂದೆ. ಇದು ಬಂದ್ಮೇಲೆ ಹೊರಗೆ ಹೋಗ್ಲೇ ಇಲ್ಲ. ಇದು ಓಡ್ತಾ ಇದ್ರೆ ಯಾರೂ ಏನೂ ಕೇಳಲ್ಲ."

"ಗೊತ್ತು," ಅಂದರು ಅತ್ತೆ. "ಮಾತಾಡ್ತಾ ಜೀವನ ಕಳೀಬೇಕು ಅಂತ ಮದುವೆ ಮಾಡ್ಕೊಂಡೆ. ಕಳೆದೆ, ಗಿರಾಕಿಗಳ ಹತ್ರ."

ಮಾವ ನನ್ನನ್ನೇ ನೋಡಿದರು. "ಆದ್ರೂ ಹೇಳೋಳು ನೀನೇ. ಬೇಕಾ, ಬೇಡ್ವಾ?"

ಹಲಗೆ ರಾಶಿಯ ಹಿಂದೆ ಹೋಗಿ ನಿಲ್ಲಬೇಕು ಅನ್ನಿಸಿತು. ಅಲ್ಲಿಗೆ ನಾಲ್ಕೇ ಹೆಜ್ಜೆ.

"ಬೇಕು ಮಾವ," ಅಂದೆ. "ನಿಮಗೆ ಉಳಿದಿರೋದಾದ್ರೂ ಉಳೀಲಿ."

ಮಾವ ಎದ್ದು, ಒರೆಸಿದ್ದ ಪ್ಲೇನರನ್ನೇ ಮತ್ತೆ ಒರೆಸತೊಡಗಿದರು. ಅತ್ತೆಯೇ ಮಾತು ಮುಗಿಸಿದ್ದು. "ಸರಿ. ಒಂದು ವಾರ ಇವಳು ಮುಂದೆ, ಒಂದು ವಾರ ನೀವು ಮುಂದೆ. ಒಳಗೆ ಹೊಸದನ್ನ ಸರದಿ ಮೇಲೆ ಓಡಿಸ್ಕೊಳ್ಳಿ."

"ನಾನಾ?" ಮಾವ ಗಾಬರಿಯಾಗಿ ತಿರುಗಿದರು. "ನಂಗೆಲ್ಲಿ ಕಿವಿ ಕೇಳ್ಸುತ್ತೆ?"

ಅತ್ತೆ ಬಟ್ಟೆ ಕೆಳಗಿಟ್ಟು, ಕೂತು ನಕ್ಕರು. ಅಷ್ಟು ವರ್ಷದಲ್ಲಿ ಮಾವ ಅತ್ತೆಯ ಎದುರು ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು.

ಮಾರ್ಚ್ ೨೨, ಶನಿವಾರ

ಅಕ್ಕನ ಎಂಟನೇ ಕಿಟಕಿ ಇವತ್ತು ಮುಗಿಯಿತು. ಸಂಜೆ ಹೊತ್ತು ಹೋಗಿ ಉಜ್ಜಿ ಬರುತ್ತಿದ್ದೆ. ಅಕ್ಕ ಕೆಲಸ ಮಾಡುತ್ತಾ ಒಂದೇ ಸಮನೆ ಮಾತಾಡುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡದಿದ್ದರೆ ಅವರೇ ನನ್ನ ಪರವಾಗಿ ತಪ್ಪು ಉತ್ತರ ಕೊಟ್ಟುಕೊಳ್ಳುತ್ತಾರೆ. ಅದನ್ನು ತಿದ್ದಲಿಕ್ಕಾದರೂ ಬಾಯಿ ತೆರೆಯಬೇಕಾಗುತ್ತದೆ.

ಮಾವ ಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿದರು. ವೆಲ್ಡಿಂಗಿನವನಿಗೆ ಈ ಸಲವೂ ಎರಡು ಸಲ ಹೇಳಿದರಂತೆ.

ಏಪ್ರಿಲ್ ೩, ಗುರುವಾರ

ಹೊಸ ಪ್ಲೇನರ್ ಬಂದು ಮೂರು ದಿನವಾಯಿತು. ಮಾವ ಅದನ್ನು ಬಿಟ್ಟು ಏಳುವುದಿಲ್ಲ. ಓಡಿಸುತ್ತಲೇ ಅತ್ತೆಯ ಹತ್ತಿರ ಜಗಳವಾಡಬಹುದು ಎಂದು ಕಂಡುಕೊಂಡಿದ್ದಾರೆ.

ಹಳೆಯದನ್ನು ಇವತ್ತು ಸಾಮಿಲ್ಲಿನವನು ಕೊಂಡುಹೋದ. ಗಾಡಿಗೆ ಏರಿಸಿದ ಮೇಲೆ, "ಇದು ಕಚ್ಚುತ್ತಂತಲ್ಲ, ಹೇಗೆ ಹಿಡೀಬೇಕು?" ಎಂದು ಮಾವನನ್ನು ಕೇಳಿದ. ಮಾವ ನನ್ನ ಕಡೆ ಕೈ ತೋರಿಸಿದರು. ನನಗೂ ಗೊತ್ತಿರಲಿಲ್ಲ. ಹೇಳುತ್ತಾ ಹೋದ ಹಾಗೆ ಗೊತ್ತಾಯಿತು. ಹಲಗೆಯ ತಲೆ ಮೊಣಕೈಯ ಹತ್ತಿರಕ್ಕೆ ಬಂದಾಗ ಎತ್ತಲು ಶುರು ಮಾಡಬೇಕು. ತೂಕ ಅಂಗೈಯಿಂದ ಬೆರಳಿಗೆ ಜಾರಿದಾಗ ನಿಲ್ಲಿಸಬೇಕು. ಹಸಿ ಮರಕ್ಕೆ ಕಡಿಮೆ, ಒಣ ಮರಕ್ಕೆ ಜಾಸ್ತಿ. ಅವನು ಅರ್ಥವಾಗಲಿಲ್ಲ ಅಂದ. ಗಾಡಿಯ ಮೇಲೆ ಹತ್ತಿ, ಒಂದು ಪಟ್ಟಿ ಹಿಡಿದು ತೋರಿಸಿದೆ. ಅಷ್ಟರಲ್ಲಿ ಟೈಲರಮ್ಮ ಮೇಜು ತೆಗೆದುಕೊಂಡು ಹೋಗಲು ಸೊಸೆಯನ್ನು ಕರೆದುಕೊಂಡು ಬಂದರು. ಎತ್ತರ ಸರಿಯಿದೆ, ಆದರೆ ಕಾಲುಗಳು ಇಷ್ಟು ದಪ್ಪ ಯಾಕೆ ಎಂದು ಕೇಳಿದರು. ತೆಳ್ಳಗಿದ್ದರೆ ಕತ್ತರಿ ಒತ್ತಿದಾಗ ಅಲ್ಲಾಡುತ್ತದೆ ಎಂದು ಗಾಡಿಯ ಮೇಲಿಂದಲೇ ಹೇಳಿದೆ. ಸೊಸೆ ಮೇಜಿಗೆ ಒರಗಿ ಅಲ್ಲಾಡಿಸಿ ನೋಡಿ, ಇವಳು ಹೇಳಿದ್ದು ಸರಿ ಅಂದಳು.

ಇದನ್ನೆಲ್ಲ ಇನ್ನೂ ಸರಿಯಾಗಿ ಬರೆಯೋಣ ಎಂದು ಕೂತೆ. ಆದರೆ ಊಟದ ಹೊತ್ತಿನಲ್ಲಿ ಪೂರ್ತಿ ಹೇಳಿ ಮುಗಿಸಿಬಿಟ್ಟಿದ್ದೇನೆ. ಅತ್ತೆ ನಡುವೆ ಎರಡು ಸಲ ಅಂಗೈ ತೋರಿಸಿದರು, ನಾನು ನಿಲ್ಲಿಸಲಿಲ್ಲ. ಈಗ ಬರೆಯಲು ಏನೂ ಉಳಿದಿಲ್ಲ.